ಎಚ್ಚರಿಕೆ: "ಲೈಫ್‌ಟೈಮ್ ಸಪೋರ್ಟ್ ಸರ್" ಅಂದ್ರೆ ತಾರೀಖು ಕೇಳಿ

ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೆಯುತ್ತೇನೆ, ಇನ್ಯಾರೂ ಹೀಗೆ ಹಳ್ಳಕ್ಕೆ ಬೀಳಬಾರದು.

2025ರ ಆಗಸ್ಟ್‌ನಲ್ಲಿ ಮಗಳ ಕಾಲೇಜಿಗೆ ಅಂತ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಇಂಟೆಲ್ ಐ5 ಪ್ರೊಸೆಸರ್, ಏಳನೇ ಜನರೇಷನ್, ವಿಂಡೋಸ್ 10. ಚೌಕಾಸಿ ಮಾಡಿ 18,000ಕ್ಕೆ ಇಳಿಸಿದೆ, ಆ ಹೆಮ್ಮೆ ಬೇರೆ! "ವಿಂಡೋಸ್‌ಗೆ ಎಷ್ಟು ದಿನ ಸಪೋರ್ಟ್ ಇರುತ್ತೆ?" ಅಂತ ಬಾಯಿಬಿಟ್ಟು ಕೇಳಿದ್ದೆ. "ಒರಿಜಿನಲ್ ಸರ್, ಲೈಫ್‌ಟೈಮ್" ಅಂದರು. ಬಿಲ್ ಮೇಲೂ ಹಾಗೇ ಬರೆದುಕೊಟ್ಟರು. ಯಾರ ಲೈಫ್‌ಟೈಮ್ ಅಂತ ನಾನು ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಮಗಳು, "ಅಪ್ಪ, ವಿಂಡೋಸ್ 10 ಮುಗಿದೋಯ್ತಂತೆ" ಅಂದಳು. ನೋಡಿದರೆ ನಿಜ. ಅಕ್ಟೋಬರ್ 14ಕ್ಕೆ ಸಪೋರ್ಟ್ ಕೊನೆ. ಮೈಕ್ರೋಸಾಫ್ಟ್ ಆ ತಾರೀಖನ್ನು ವರ್ಷಗಳ ಹಿಂದೆಯೇ ಹೇಳಿತ್ತು. ನಾನು ದುಡ್ಡು ಎಣಿಸುವಾಗ ಉಳಿದಿದ್ದು ಎರಡು ತಿಂಗಳು. ಎರಡೇ ತಿಂಗಳು! ವಿಂಡೋಸ್ 11 ಹಾಕೋಣ ಅಂದ್ರೆ, ಅದು ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಷನ್‌ನಿಂದ ಮೇಲಿನವಕ್ಕೆ ಮಾತ್ರ.

ಅಂಗಡಿಗೆ ಫೋನ್ ಮಾಡಿದೆ.

"ಆನ್ ಆಗ್ತಿದೆಯಾ ಸರ್?"

"ಆಗ್ತಿದೆ."

"ಮತ್ತೇನ್ ಪ್ರಾಬ್ಲಮ್?"

ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ, ಮಗಳು ಇದರಲ್ಲೇ ಫೀಸ್ ಕಟ್ಟೋದು ಅಂದೆ. "ಅದನ್ನ ಮೈಕ್ರೋಸಾಫ್ಟ್‌ನ ಕೇಳಿ. ನಮ್ಮ ಸಪೋರ್ಟ್ ಅಂದ್ರೆ ವಿಂಡೋಸ್ ಕೆಟ್ಟರೆ ಮತ್ತೆ ಹಾಕ್ಕೊಡೋದು" ಅಂದರು. ಓಹೋ, ಹಾಗಾ! ನಾನು ಕೇಳಿದ್ದೊಂದು, ಅವರು ಮಾರಿದ್ದೊಂದು. ಖುದ್ದಾಗಿ ಹೋದೆ. "ಎಂಟನೇ ಜನರೇಷನ್ ಪೀಸ್ ಇದೆ ಸರ್, ಇದನ್ನ ಕೊಟ್ಟು ಮೇಲೆ ಒಂಬತ್ತು ಸಾವಿರ ಕೊಡಿ" ಅಂತ ನಗ್ತಾ ಹೇಳಿದರು. ಆ ನಗು ಇನ್ನೂ ಕಣ್ಣ ಮುಂದೆ ಇದೆ.

ಇನ್ನೂ ಹೊಟ್ಟೆ ಉರಿಸಿದ್ದು ಆಮೇಲೆ. ಅವರು ಅಪ್‌ಡೇಟ್ ಆಫ್ ಮಾಡಿ, 21ಎಚ್2 ಅನ್ನೋ ಹಳೇ ವರ್ಷನ್ ಹಾಕಿದ್ದರು. ಇದರಲ್ಲಿರೋ ವಿಂಡೋಸ್ 10 ಹೋಮ್ ಎಡಿಷನ್‌ನಲ್ಲಿ ಅದರ ಸಪೋರ್ಟ್ 2023ರ ಜೂನ್‌ನಲ್ಲೇ ಮುಗಿದಿತ್ತು! ಅಂದ್ರೆ ಆ ಎರಡು ತಿಂಗಳೂ ನನಗೆ ಸಿಕ್ಕಿರಲಿಲ್ಲ. ವಿಂಡೋಸ್ 10ರ ಕೊನೇ ವರ್ಷನ್ 22ಎಚ್2 ಹಾಕಿಕೊಂಡು, ಮೈಕ್ರೋಸಾಫ್ಟ್ ಕೊಡುವ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್‌ಗೆ ಸೇರಿಸಿದ್ದೇನೆ. ಅದು 2026ರ ಅಕ್ಟೋಬರ್ 13ರವರೆಗೆ.

ನೀವು ತಗೊಳ್ಳೋದಾದ್ರೆ ವರ್ಷನ್ ನಂಬರ್ ನೋಡಿ. ಸೆಕ್ಯುರಿಟಿ ಅಪ್‌ಡೇಟ್ ಯಾವ ದಿನ ನಿಲ್ಲುತ್ತೆ ಅಂತ ದಿನ, ತಿಂಗಳು, ವರ್ಷ ಸಮೇತ ಬಿಲ್ ಮೇಲೆ ಬರೆಸಿ. ಬರೆಯಲ್ಲ ಅಂದ್ರೆ ಎದ್ದು ಬನ್ನಿ. ನನ್ನ ಬಿಲ್ ಇನ್ನೂ ಇದೆ, "ಲೈಫ್‌ಟೈಮ್" ಕೆಳಗೆ ಎರಡು ಗೆರೆ ಬೇರೆ ಎಳೆದುಕೊಟ್ಟಿದ್ದಾರೆ.