ಸೈನ್ ಲರ್ನ್ ಆಪ್: ಕಿವಿ ಮೆಷಿನ್ ತೆಗೆದಿಟ್ಟ ಹೊತ್ತಿಗೆ

ಮಗಳಿಗೆ ಈಗ ನಾಲ್ಕೂವರೆ ವರ್ಷ, ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ, ಮನೇಲಿ ಅದಕ್ಕೆ ಮೆಷಿನ್ ಅಂತೀವಿ. ಭಾರತೀಯ ಸನ್ನೆ ಭಾಷೆಯ ಪದಗಳನ್ನ ವಿಡಿಯೋದಲ್ಲಿ ತೋರಿಸೋ ಸೈನ್ ಲರ್ನ್ ಆಪ್ ಬಳಸ್ತಾ ಒಂದು ವರ್ಷದ ಮೇಲಾಯ್ತು. ಇಂಥ ಮಗು ಇರೋ ಅಪ್ಪ ಅಮ್ಮಂದಿರು ಇದನ್ನ ಹಾಕ್ಕೊಳ್ಳೋದಾ ಬೇಡ್ವಾ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಬರೀತಿದೀನಿ.

ಮೆಷಿನ್ ಇದ್ಮೇಲೆ ಸನ್ನೆ ಯಾಕೆ ಅನ್ನೋದು ಎಲ್ಲರ ಮೊದಲ ಪ್ರಶ್ನೆ. ಮೆಷಿನ್ ದಿನಪೂರ್ತಿ ಕಿವೀಲಿ ಇರಲ್ಲ ರೀ. ಸ್ನಾನಕ್ಕೆ ತೆಗೀಬೇಕು, ರಾತ್ರಿ ತೆಗೆದು ತೇವ ಹೀರೋ ಸಿಲಿಕಾ ಜೆಲ್ ಡಬ್ಬೀಲಿ ಇಡಬೇಕು, ಮಗು ಬೆಳೀತಾ ಬೆಳೀತಾ ಇಯರ್ ಮೋಲ್ಡ್, ಅಂದ್ರೆ ಕಿವಿಯೊಳಗೆ ಕೂರೋ ಅಚ್ಚು, ಲೂಸಾಗಿ ಮೆಷಿನ್ ಕುಯ್ಯೋ ಅಂತ ಕೂಗುತ್ತೆ, ಹೊಸ ಮೋಲ್ಡ್ ಬರೋವರೆಗೂ ಕಷ್ಟಾನೇ, ಇನ್ನು ಮದುವೆ ಛತ್ರದಲ್ಲಿ ವಾಲಗ ಶುರುವಾದ್ರೆ ಮೆಷಿನ್ ಹಾಕಿದ್ರೂ ನಮ್ಮ ಮಾತು ಆ ಗದ್ದಲದಲ್ಲೇ ಸೇರಿಹೋಗುತ್ತೆ.

ಭಾನುವಾರದ ಎಣ್ಣೆಸ್ನಾನ ಅಂದ್ರೆ ಮೊದಲೆಲ್ಲ ಅಳುವೋ ಅಳು. ಮೆಷಿನ್ ತೆಗೆದ ಕೂಡ್ಲೆ ನಾನು ಏನು ಹೇಳ್ತೀನಿ ಅಂತ ಅವಳಿಗೆ ಗೊತ್ತಾಗ್ತಿರಲಿಲ್ಲ, ನೀರು ಯಾವಾಗ ಬೀಳುತ್ತೋ ಅಂತ ಹೆದರ್ಕೊಳ್ಳೋಳು, ಸೀಗೆಪುಡಿ ಕಣ್ಣಿಗೆ ಹೋಗೋದು. ಈಗ ಚೊಂಬು ಎತ್ತೋಕೆ ಮುಂಚೆ ನೀರು, ಕಣ್ಣು ಮುಚ್ಚು ಅಂತ ಕೈಯಲ್ಲಿ ತೋರಿಸ್ತೀನಿ, ಅವಳು ಬಿಗಿಯಾಗಿ ಕಣ್ಣು ಮುಚ್ಕೊಂಡು, ಮುಚ್ಕೊಂಡೇ, ಒದ್ದೆ ಕೈಯಲ್ಲಿ ಬಿಸಿ ಬಿಸಿ ಅಂತ ಹೇಳ್ತಾಳೆ. ಇಷ್ಟು ಸಾಕು ನನಗೆ.

ಆಪ್ ಫ್ರೀ. ದೆಹಲೀಲಿರೋ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ್ದು, 2022ರ ಸೆಪ್ಟೆಂಬರ್ 23ಕ್ಕೆ, ಅಂದ್ರೆ ಸಂಜ್ಞಾ ಭಾಷಾ ದಿನದಂದೇ ಬಿಟ್ಟಿದ್ದು. ಆ ಕೇಂದ್ರದ ನಿಘಂಟಿನ 10,000 ಪದ ಇದರಲ್ಲಿದೆ, ಪದ ಹುಡುಕಿದ್ರೆ ವಿಡಿಯೋ ಬರುತ್ತೆ. ಕಾನೂನು, ವೈದ್ಯಕೀಯ, ಕೃಷಿ ಪದಗಳೂ ಇವೆ, ನಮಗೆ ಬೇಕಾಗಿದ್ದು ಮನೆ ಪದಗಳು.

ಹುಡುಕೋದು ಇಂಗ್ಲಿಷ್ ಇಲ್ಲ ಹಿಂದೀಲಿ. ನಮ್ಮತ್ತೆಗೆ ಎರಡೂ ಬರಲ್ಲ, ಹಗಲೆಲ್ಲ ಮಗು ಜೊತೆ ಇರೋದು ಅವರೇ. ಅದಕ್ಕೆ ನಾನು ರಾತ್ರಿ ಎರಡು ಮೂರು ಪದ ನೋಡಿ ಕಲ್ತು, ನಾನೇ ಮಾಡೋದನ್ನ ವಿಡಿಯೋ ತೆಗೆದು, ಕನ್ನಡದಲ್ಲಿ ಪದ ಹೇಳಿ ಅತ್ತೆಗೆ ವಾಟ್ಸಾಪ್ ಮಾಡ್ತೀನಿ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕೋ ಹಾಗಾದ್ರೆ ಎಷ್ಟೋ ಅಜ್ಜಿ ತಾತಂದಿರಿಗೆ ಉಪಕಾರ ಆಗುತ್ತೆ, ದಯವಿಟ್ಟು ಮಾಡಿ. ಮುದ್ದೆ, ಸೊಪ್ಪಿನ ಸಾರಿಗೆ ನಾವೇ ಸನ್ನೆ ಮಾಡ್ಕೊಂಡ್ವಿ.

ಇನ್ನೊಂದು, ಇದು ನಿಘಂಟು, ಮೇಷ್ಟ್ರಲ್ಲ. ಪದ ಸಿಗುತ್ತೆ, ಮಾತಾಡೋದು ಹೇಗೆ ಅಂತ ಸಿಗಲ್ಲ. ಈ ಭಾಷೇಲಿ ಏನು, ಎಲ್ಲಿ ಅನ್ನೋ ಪ್ರಶ್ನೆ ಪದ ಕೊನೇಲಿ ಬರುತ್ತೆ, ನಿನ್ನ ಹೆಸರೇನು ಅನ್ನೋ ಹಾಗೇ, ನಮಗೆ ಸಲೀಸು, ಆದ್ರೆ ಅದನ್ನ ನಾನು ಕಲ್ತಿದ್ದು ಕಿವಿ ಕೇಳದ ಒಬ್ಬ ಅಕ್ಕನ ಹತ್ರ. ಮುಖ, ಹುಬ್ಬು ಎಲ್ಲಾ ಹೇಗೆ ಮಾತಾಡ್ತವೆ ಅಂತ ಅವರನ್ನ ನೋಡೇ ಗೊತ್ತಾಗಿದ್ದು. ಕೆಲವು ಪದಕ್ಕೆ ಅವರ ಸನ್ನೆ ಆಪ್‌ನಲ್ಲಿರೋದಕ್ಕಿಂತ ಬೇರೆ, ಊರೂರಿಗೆ ಮಾತು ಬದಲಾಗಲ್ವಾ ಹಾಗೆ, ಗಾಬರಿ ಬೇಡ.

ಸನ್ನೆ ಮಾಡಿದ್ರೆ ಮಾತು ಬರಲ್ಲ ನಿಲ್ಸಿ ಅಂತ ಒಂದು ಥೆರಪಿ ಸೆಂಟರಲ್ಲಿ ಹೇಳಿದ್ರು. ಹೆದರಿ ಆರು ತಿಂಗಳು ನಿಲ್ಸಿದ್ವಿ, ನೆನಪಾದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಮತ್ತೆ ಶುರು ಮಾಡಿದ್ಮೇಲೆ ಅಜ್ಜಿ ಅನ್ನೋದು ಮೊದಲು ಕೈಯಲ್ಲೇ ಬಂತು, ಮೂಗುತಿ ಜಾಗಕ್ಕೆ ಬೆರಳಿಟ್ಟು ತೋರಿಸೋಳು, ಒಂದು ತಿಂಗಳಾದ್ಮೇಲೆ ಬೆರಳು ಅಲ್ಲಿಟ್ಕೊಂಡೇ ಬಾಯಲ್ಲಿ ಅದ್ದಿ ಅಂದ್ಲು. ನಮ್ಮತ್ತೆ ಕೂತಲ್ಲೇ ಅತ್ಬಿಟ್ರು. ನಮ್ಮನೇಲಿ ನಡೆದಿದ್ದು ಇದು, ಎಲ್ಲಾ ಮಕ್ಕಳಿಗೂ ಹೀಗೇ ಅಂತ ಹೇಳ್ತಿಲ್ಲ. ಮೆಷಿನ್, ಸ್ಪೀಚ್ ಥೆರಪಿ ಯಾವುದನ್ನೂ ಬಿಟ್ಟಿಲ್ಲ.

ರಾತ್ರಿ ಕರೆಂಟ್ ಹೋದ್ರೆ ಕೈ ಕಾಣಲ್ಲ ಅಂತ ದಿಂಬಿನ ಪಕ್ಕ ಟಾರ್ಚ್ ಇಟ್ಟಿದೀವಿ. ಮೊನ್ನೆ ಅವಳೇ ಒಂದು ಕೈಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ಕೈ ಮೇಲೆ ಬೆಳಕು ಬಿಟ್ಕೊಂಡು ನೀರು ಕೇಳಿದ್ಲು.

ಹಾಕ್ಕೊಳ್ಳಿ. ಶುರೂಲೇ ನೂರು ಪದ ಬೇಡ, ಬಚ್ಚಲಮನೆಗೆ ಐದು, ಮಲಗೋ ಹೊತ್ತಿಗೆ ಐದು, ಮನೆಯವರೆಲ್ಲ ಕಲೀರಿ. ಹತ್ರದಲ್ಲಿ ಸನ್ನೆ ಭಾಷೆ ಆಡೋರು ಯಾರಾದ್ರೂ ಇದ್ರೆ ವಾರಕ್ಕೊಂದ್ಸಲ ಮಗೂನ ಕರ್ಕೊಂಡ್ಹೋಗಿ ಅವರ ಜೊತೆ ಕೂರಿಸಿ.