ಓವನ್ ಗುಂಡಿಯ ಸುಳ್ಳು

ಗೋಣಿಕೊಪ್ಪದಿಂದ ಜೀಪಿನ ಹಿಂಬದಿಯಲ್ಲಿ ಕೂರಿಸಿಕೊಂಡು ತಂದ 28 ಲೀಟರಿನ ಓಟಿಜಿ (ಬೇಕ್, ಟೋಸ್ಟ್, ಗ್ರಿಲ್ ಮೂರನ್ನೂ ಮಾಡುವ ಕರೆಂಟಿನ) ಓವನ್ನಿಗೆ ಈ ಕಕ್ಕಡಕ್ಕೆ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಿಗೆ, ಒಂದು ವರ್ಷ. ಕಂಪನಿಯ ಹೆಸರು ಬೇಡ.

ಮೊದಲ ಮೂರು ತಿಂಗಳು ನನ್ನ ಚಾಕೊಲೇಟ್ ಚಿಪ್ ಕುಕ್ಕಿಗಳ ಅಂಚು ಕರಟುತ್ತಿತ್ತು, ನಡು ಹಸಿಯಾಗಿಯೇ ಉಳಿಯುತ್ತಿತ್ತು. ತಪ್ಪು ನನ್ನ ಕೈಯದೆಂದು ಅತ್ತೆಯವರು ತೀರ್ಪು ಕೊಟ್ಟಾಗಿತ್ತು. ಕೊನೆಗೆ ಓವನ್ನಿನೊಳಗೆ ಇಡುವ ಉಷ್ಣಮಾಪಕವೊಂದನ್ನು ತರಿಸಿದೆ. ಗುಂಡಿ 180 ಡಿಗ್ರಿ ಎನ್ನುವಾಗ ಒಳಗೆ 205! ಅತ್ತೆಯವರನ್ನು ಕರೆದು ತೋರಿಸಿದೆ. ಈಗ ಗುಂಡಿಯನ್ನು 160ರ ಆಸುಪಾಸಿನಲ್ಲಿ ನಿಲ್ಲಿಸಿ, ಇಪ್ಪತ್ತು ನಿಮಿಷ ಖಾಲಿ ಕಾಯಿಸಿ, ಆಮೇಲೆ ಟ್ರೇ ಇಡುತ್ತೇನೆ. ಹನ್ನೊಂದನೇ ನಿಮಿಷಕ್ಕೆ, ನಡು ಇನ್ನೂ ಮೆತ್ತಗಿರುವಾಗಲೇ ಹೊರಗೆ. ಬಿಸಿ ಟ್ರೇಯ ಮೇಲೆ ಅದು ತಾನಾಗಿ ಗಟ್ಟಿಯಾಗುತ್ತದೆ.

ಕಲಸಿದ ಹಿಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿರಬೇಕು. ಬೆಣ್ಣೆ ಗಟ್ಟಿಯಾಗುವುದರಿಂದ ಕುಕ್ಕಿ ದೋಸೆಯಂತೆ ಹರಡುವುದಿಲ್ಲ. ಹಿಟ್ಟು ತೇವ ಹೀರಿಕೊಂಡು ಬಣ್ಣವೂ ರುಚಿಯೂ ಏರುತ್ತವೆ. ಅಗ್ಗದ ಕಾಂಪೌಂಡ್ ಚಿಪ್ಸ್‌ನಲ್ಲಿ ಕೋಕೋ ಬೆಣ್ಣೆಯ ಬದಲು ಸಸ್ಯಜನ್ಯ ಕೊಬ್ಬು ಇರುತ್ತದೆ, ನಾಲಿಗೆಗೆ ಮೇಣ ಮೆತ್ತಿದಂತೆ. ಕಪ್ಪು ಚಾಕೊಲೇಟಿನ ಗಟ್ಟಿಯನ್ನು ಚಾಕುವಿನಲ್ಲಿ ಕೊಚ್ಚಿ ಹಾಕುವುದೇ ನನಗಿಷ್ಟ.

ಓವನ್ನಿಗೆ ಐದರಲ್ಲಿ ಎರಡೂವರೆ. ಉಷ್ಣಮಾಪಕಕ್ಕೆ ಐದಕ್ಕೆ ಐದು. ಅರ್ಧ ಬೆಂದಾಗ ಕರೆಂಟು ಹೋಗುವುದಕ್ಕೆ ಓವನ್ನನ್ನು ದೂರುವುದಿಲ್ಲ, ಆದರೆ ಚೂರು ಬೀಳುವ ಕೆಳಗಿನ ತಟ್ಟೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದದ್ದಕ್ಕೆ ಖಂಡಿತ ದೂರುತ್ತೇನೆ.