ಮರ್ತ್ಸಿಶೋರ್‌ಗೆ ಬಿದ್ರಿ ಪದಕ: ಚೌಬಾರಾ ಹತ್ತಿರದ ಅಂಗಡಿಯಲ್ಲಿ ಮಾಡಿಸಿದ್ದು ಹೇಗಿತ್ತು

ರುಮೇನಿಯಾದ ಯಾಶ್ ಊರಿನಲ್ಲಿ ನನಗೆ ಹಳೆಯ ಸ್ನೇಹಿತರಿದ್ದಾರೆ, ಗಂಡ ಹೆಂಡತಿ. ಮಾರ್ಚ್ 1 ಅಲ್ಲಿ ಮರ್ತ್ಸಿಶೋರ್ ದಿನ. ಕೆಂಪು ದಾರ, ಬಿಳಿ ದಾರ ಸೇರಿಸಿ ಹೊಸೆದು, ತುದಿಗೆ ಪುಟ್ಟ ಪದಕ ಕಟ್ಟಿ ಒಬ್ಬರಿಗೊಬ್ಬರು ಕೊಡುತ್ತಾರೆ, ವಸಂತ ಬಂತು, ವರ್ಷವೆಲ್ಲ ಚೆನ್ನಾಗಿರಿ ಅಂತ. ನಮ್ಮ ಕಂಕಣದ ಹಾಗೆ ಕೈಗೂ ಕಟ್ಟುತ್ತಾರೆ, ಕೋಟಿನ ಎದೆಗೂ ಸಿಕ್ಕಿಸುತ್ತಾರೆ. ಹಿಂದೆ ಈ ದಾರಕ್ಕೆ ಬೆಳ್ಳಿ ನಾಣ್ಯ ಕಟ್ಟುತ್ತಿದ್ದರಂತೆ. ಬೆಳ್ಳಿ ಅಂದ್ರೆ ಬೀದರ್‌ನವರಿಗೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸನೇ ಅಲ್ವಾ? ಹಾಗಾಗಿ ಬೀದರ್‌ನ ಹಳೆಯ ಗೋಪುರ ಚೌಬಾರಾ ಹತ್ತಿರದ ಒಂದು ಸಣ್ಣ ಅಂಗಡಿಗೆ ಹೋದೆ.

ರೆಡಿಮೇಡ್ ಸಿಗಲಿಲ್ಲ. ಅಲ್ಲಿ ಇರೋದು ಹೂದಾನಿ, ಆನೆ, ಡಬ್ಬಿ, ಕೀಚೈನ್. ಆದರೆ ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. ಮೊಬೈಲ್‌ನಲ್ಲಿ ಹಿಮಹೂವಿನ ಚಿತ್ರ ತೋರಿಸಿದೆ, ಅಲ್ಲಿ ಹಿಮ ಇನ್ನೂ ಕರಗುತ್ತಿರುವಾಗಲೇ ತಲೆ ಎತ್ತುವ ಬಿಳಿ ಹೂವು ಅದು, ಈ ಹಬ್ಬಕ್ಕೆ ಅದಿಲ್ಲದೆ ಆಗೋದಿಲ್ಲ. ಅವರು ಮೊದಲು ಕೇಳಿದ್ದೇ ‘ಬಟ್ಟೆಗೆ ಸಿಕ್ಕಿಸೋದಾ, ಕೈಗೆ ಕಟ್ಟೋದಾ?’ ಅಂತ. ಸರಿಯಾದ ಪ್ರಶ್ನೆ. ಬಿದ್ರಿ ಅಂದ್ರೆ ಸತು, ತಾಮ್ರದ ಎರಕ, ದಪ್ಪ ಇದ್ದರೆ ಬಟ್ಟೆ ಜೋತು ಬೀಳುತ್ತದೆ. ನಾನು ಹೇಳದೆಯೇ ತೆಳ್ಳಗೆ ಉಜ್ಜಿ ಕೊಟ್ಟರು.

ಕೆಲಸ ತುಂಬಾ ಚೆನ್ನಾಗಿದೆ. ಎಸಳುಗಳನ್ನು ತಾರ್‌ಕಶಿಯಲ್ಲಿ, ಅಂದರೆ ಬೆಳ್ಳಿ ತಂತಿ ಕೂರಿಸಿ ಮಾಡಿದ್ದಾರೆ. ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಲವಣ ಹಾಕಿದ ಮೇಲೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದಲ್ಲ, ಆ ಕಪ್ಪಿನ ಮೇಲೆ ಬಿಳಿ ಹೂವು ಎದ್ದು ಕಾಣುತ್ತದೆ. ಎರಡು ಮಾಡಿಸಿದೆ, ಯಾಕೆಂದರೆ ರುಮೇನಿಯಾದಲ್ಲಿ ಹೆಚ್ಚಾಗಿ ಹೆಂಗಸರಿಗೇ ಕೊಟ್ಟರೂ ಯಾಶ್ ಇರುವ ಮೊಲ್ದೋವಾ ಸೀಮೆಯಲ್ಲಿ ಗಂಡಸರಿಗೂ ಕೊಡುತ್ತಾರೆ. ಒಂದಕ್ಕೆ 450 ರೂಪಾಯಿ. ಕೈಕೆಲಸಕ್ಕೆ ಇದು ಜಾಸ್ತಿ ಅಲ್ಲ.

ಬೇಜಾರಾಗಿದ್ದು ದಾರದ ವಿಷಯಕ್ಕೆ. ಮೊದಲು ಕೊಟ್ಟಿದ್ದು ಜರಿ ಸೇರಿದ ಹೊಳೆಯುವ ನೈಲಾನ್ ದಾರ. ಈ ಹಬ್ಬದಲ್ಲಿ ಪದಕಕ್ಕಿಂತ ದಾರವೇ ಮುಖ್ಯ. ಕೆಲವರು ಒಂಬತ್ತು ದಿನ, ಕೆಲವರು ತಿಂಗಳಿಡೀ ಕಟ್ಟಿಕೊಂಡು, ಆಮೇಲೆ ಹೂಬಿಟ್ಟ ಹಣ್ಣಿನ ಮರದ ಕೊಂಬೆಗೆ ಕಟ್ಟುತ್ತಾರೆ. ಅದಕ್ಕೆ ಜರಿ ಯಾಕೆ? ಎರಡನೇ ಸಲ ಹೋದಾಗ ಬರೀ ಹತ್ತಿ ದಾರ ಹೊಸೆದು ಕೊಟ್ಟರು, ಮುಖ ಸಿಂಡರಿಸಲಿಲ್ಲ, ದುಡ್ಡೂ ಕೇಳಲಿಲ್ಲ. ಪ್ಯಾಕಿಂಗ್ ಮಾತ್ರ ಸುಮ್ನೆ ನ್ಯೂಸ್‌ಪೇಪರ್. ಉಡುಗೊರೆ ಡಬ್ಬಿ ನೀವೇ ತಗೊಂಡು ಹೋಗಿ.

ಈ ಪದ್ಧತಿ 2017ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ, ರುಮೇನಿಯಾ ಜೊತೆ ಬಲ್ಗೇರಿಯಾ, ಮೊಲ್ದೋವಾ ದೇಶ, ಉತ್ತರ ಮ್ಯಾಸಿಡೋನಿಯಾ ಕೂಡ. ನನಗೆ ಹೆಚ್ಚು ಇಷ್ಟ ದೋಕಿಯಾ ಅಜ್ಜಿ ಕಥೆ. ಒಂಬತ್ತು ಕುರಿತೊಗಲ ಕೋಟು ಹಾಕಿಕೊಂಡು ಬೆಟ್ಟ ಹತ್ತುತ್ತಾಳೆ, ಬಿಸಿಲು ಬಂತು ಅಂತ ದಿನಕ್ಕೊಂದು ತೆಗೆಯುತ್ತಾಳೆ, ಕೊನೆಗೆ ಚಳಿ ತಿರುಗಿ ಬಂದು ಹೆಪ್ಪುಗಟ್ಟಿ ಹೋಗುತ್ತಾಳೆ. ಅದಕ್ಕೇ ಮಾರ್ಚ್ 1ರಿಂದ 9ರವರೆಗೆ ಅಜ್ಜಿಯ ದಿನಗಳು. ಒಬ್ಬೊಬ್ಬರು ಒಂದೊಂದು ದಿನ ಆರಿಸಿಕೊಳ್ಳುತ್ತಾರೆ, ಆ ದಿನ ಬಿಸಿಲಿದ್ದರೆ ಅವರ ವರ್ಷ ಚೆನ್ನಾಗಿರುತ್ತದೆ ಅಂತ ನಂಬಿಕೆ. ಈ ಕಥೆ ಕೇಳಿ ಅಂಗಡಿಯವರು ಪದಕದ ಅಂಚಿಗೆ ಒಂಬತ್ತು ಬೆಳ್ಳಿ ಚುಕ್ಕಿ ಇಟ್ಟುಕೊಟ್ಟರು!

ನೀವೂ ಮಾಡಿಸೋದಾದರೆ ಜನವರಿಯಲ್ಲೇ ಹೇಳಿ, ಪಾರ್ಸೆಲ್ ಮಾರ್ಚ್ 1ರೊಳಗೆ ತಲುಪಬೇಕು. ಬೆಳ್ಳಿ ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆದರೆ ಮೊದಲು ದಾರ ಬಿಚ್ಚಿಡಿ.